ಮುಖಂಡರನ್ನು ಕರೆದರೆ ಊರು ಬಂದಂತಲ್ಲ

ಇವರಿಗೆ,
ನಾಗರಿಕ ಸಭೆ, ಶಾಂತಿ ಸಮಿತಿ, ಸಲಹಾ ಸಮಿತಿಗಳನ್ನು ಕರೆಯುವ ಅಧಿಕಾರವುಳ್ಳ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರು ಮತ್ತು ಮುಖ್ಯ ಅಧಿಕಾರಿಗಳು

ವಿಷಯ: ಹಲವು ಭಾಷೆ, ಜಾತಿ, ಧರ್ಮಗಳ ಜನ ಒಟ್ಟಿಗೆ ಬಾಳುವ ಕಡೆ ನಾಗರಿಕ ಸಭೆ ನಡೆಸುವ ಕ್ರಮವನ್ನು ಬದಲಿಸುವ ಕುರಿತು

ಮಾನ್ಯರೇ,

ನಿಮ್ಮ ಕಚೇರಿಗಳ ವರದಿಗಳಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ: ‘ಸಾರ್ವಜನಿಕರಿಂದ ನಿರೀಕ್ಷಿತ ಸ್ಪಂದನೆ ದೊರೆಯಲಿಲ್ಲ.’ ನಾನಾ ಕಡೆಯಿಂದ ಬಂದು ನೆಲೆಸಿದವರ ಬಡಾವಣೆಯಾದರೆ ಅದಕ್ಕೊಂದು ಬಾಲವೂ ಅಂಟಿಕೊಳ್ಳುತ್ತದೆ: ‘ಸಮುದಾಯಗಳ ನಡುವೆ ಒಗ್ಗಟ್ಟಿನ ಕೊರತೆ ಕಂಡುಬಂದಿದೆ.’ ಎರಡೂ ಮಾತು ಸುಳ್ಳೆಂದು ನಾವು ಹೇಳುತ್ತಿಲ್ಲ. ಆದರೆ ತಪ್ಪೆಲ್ಲ ಜನರದ್ದು ಎಂದು ಬರೆದು ಕಡತ ಮುಚ್ಚುವುದನ್ನು ಒಪ್ಪಲಾರೆವು. ನಮ್ಮ ದೂರು ಇರುವುದು ಸಭೆ ಕರೆಯುವ ಪದ್ಧತಿಯ ಮೇಲೆ.

ಆ ಪದ್ಧತಿ ಹೀಗಿದೆ. ಸಭೆಗೆ ಎರಡು ದಿನ ಇರುವಾಗ ಕಚೇರಿಯಿಂದ ಐದಾರು ಫೋನ್ ಹೋಗುತ್ತವೆ. ಸಮುದಾಯಕ್ಕೊಬ್ಬ ‘ಮುಖಂಡ’ ಎಂದು ಪಟ್ಟಿಯಲ್ಲಿ ಹೆಸರಿರುತ್ತದೆ, ಅದನ್ನು ಬರೆದವರು ಯಾರೆಂದು ಕಚೇರಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ‘ನಿಮ್ಮ ಕಡೆಯವರನ್ನು ನಾಲ್ಕು ಜನ ಕರ್ಕೊಂಡು ಬನ್ನಿ’ ಎನ್ನುವುದೇ ಆಹ್ವಾನ. ಅವರು ಬರುತ್ತಾರೆ, ಬಂದಂತೆಯೇ ಗುಂಪುಗುಂಪಾಗಿ ಕೂರುತ್ತಾರೆ. ಮುಖಂಡರು ಮುಂದಿನ ಸಾಲಿನಲ್ಲಿ, ಅವರ ಹಿಂದೆ ಅವರವರು. ಮಾತು ಶುರುವಾಗುವ ಮೊದಲೇ ಹಾಜರಿ ಪುಸ್ತಕ ಕೈಯಿಂದ ಕೈಗೆ ಸಾಗುತ್ತದೆ. ಸಂಖ್ಯೆ ಸಾಲದಿದ್ದರೆ ಮರುದಿನ ಅದೇ ಪುಸ್ತಕ ಮನೆಮನೆಗೆ ಹೋಗಿ ಸಹಿ ತರುತ್ತದೆ. ಆಮೇಲೆ ಆ ಸಹಿಗಳ ಮೇಲ್ಗಡೆ ಬಿಟ್ಟಿದ್ದ ಖಾಲಿ ಜಾಗದಲ್ಲಿ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ನಡಾವಳಿ ಹುಟ್ಟುತ್ತದೆ. ಸಹಿ ಹಾಕಿದವರಲ್ಲಿ ಅರ್ಧ ಜನಕ್ಕೆ ತಾವು ಏನನ್ನು ಅಂಗೀಕರಿಸಿದೆವು ಎಂಬುದು ಗೊತ್ತಿರುವುದಿಲ್ಲ. ಮುಂದಿನ ಸಲ ಅವರು ಬರದಿದ್ದರೆ ಅದಕ್ಕೆ ಹೆಸರು ನಿರಾಸಕ್ತಿ!

ಇದರಿಂದ ಆಗುವ ನಷ್ಟ ಒಂದು ಸಭೆಯದ್ದಲ್ಲ. ‘ಸಾಮಾಜಿಕ ಬಂಡವಾಳ’ ಎಂಬ ಮಾತನ್ನು ನೀವೂ ಭಾಷಣಗಳಲ್ಲಿ ಬಳಸುತ್ತೀರಿ. ಅಮೆರಿಕದ ವೆಸ್ಟ್ ವರ್ಜೀನಿಯಾದ ಹಳ್ಳಿ ಶಾಲೆಗಳ ಮೇಲ್ವಿಚಾರಕ ಎಲ್. ಜೆ. ಹ್ಯಾನಿಫನ್ 1916ರಲ್ಲೇ ಅದನ್ನು ಬಳಸಿ, ನೆರೆಹೊರೆಯವರ ಸದ್ಭಾವ, ಒಡನಾಟಗಳೂ ಒಂದು ಆಸ್ತಿ ಎಂದಿದ್ದ. ಈ ಆಸ್ತಿಯಲ್ಲಿ ಎರಡು ಬಗೆ ಇದೆ ಎಂಬುದು ನಿಮ್ಮ ಪದ್ಧತಿಗೆ ತಿಳಿದಂತಿಲ್ಲ. ತಮ್ಮವರೊಳಗಿನ ಗಟ್ಟಿ ಕಟ್ಟನ್ನು ಒಳನಂಟು ಎನ್ನೋಣ; ಕಾಯಿಲೆಗೆ, ಸಾವಿಗೆ, ಸಾಲಕ್ಕೆ ಒದಗುವುದು ಅದು. ಬೇರೆಯವರ ಜೊತೆಗಿನ ಸಡಿಲ ಪರಿಚಯ ಹೊರನಂಟು. ಕೆಲಸದ ಸುದ್ದಿ, ಶಾಲೆಯ ಸುದ್ದಿ, ಅರ್ಜಿ ಯಾವ ಮೇಜಿಗೆ ಹೋಗಬೇಕೆಂಬ ಸುದ್ದಿ ಬರುವುದು ಇದರಿಂದ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿದ್ದೂ ಇದನ್ನೇ: ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುಳಿವು ಕೊಟ್ಟವರು ದಿನಾ ಸಿಗುವ ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಕಾಣುವವರು. ಮುಖಂಡರ ಮೂಲಕ ಸಭೆ ಕರೆದಾಗ ಒಳನಂಟು ಇನ್ನಷ್ಟು ಬಿಗಿಯಾಗುತ್ತದೆ, ಹೊರನಂಟು ಹುಟ್ಟುವುದೇ ಇಲ್ಲ. ಮೇಲಾಗಿ ಮುಖಂಡನ ಬೆಲೆ ನಿಂತಿರುವುದೇ ತನ್ನ ಹೊರತು ತನ್ನ ಜನಕ್ಕೆ ನಿಮ್ಮ ಬಾಗಿಲು ಸಿಗಬಾರದು ಎಂಬುದರ ಮೇಲೆ. ಆತ ಕೆಟ್ಟವನಾಗಿರಬೇಕಿಲ್ಲ, ಆ ಕುರ್ಚಿಯಲ್ಲಿ ಯಾರನ್ನು ಕೂರಿಸಿದರೂ ಹಾಗೆಯೇ ನಡೆದುಕೊಳ್ಳುತ್ತಾರೆ.

‘ವೈವಿಧ್ಯ ಹೆಚ್ಚಿದಲ್ಲಿ ನಂಬಿಕೆ ಕಡಿಮೆ ಎಂದು ಸಂಶೋಧನೆಯೇ ಹೇಳುತ್ತದಲ್ಲ’ ಎಂದು ನಿಮ್ಮಲ್ಲಿ ಓದಿಕೊಂಡವರು ಕೇಳಬಹುದು. ಹೇಳುತ್ತದೆ, ನಿಜ. 2000ರಲ್ಲಿ ಅಮೆರಿಕದ ಸುಮಾರು 30,000 ಜನರನ್ನು ಮಾತಾಡಿಸಿದ ಸಮೀಕ್ಷೆಯನ್ನು ಆಧರಿಸಿ ರಾಜ್ಯಶಾಸ್ತ್ರಜ್ಞ ರಾಬರ್ಟ್ ಪುಟ್ನಮ್ 2007ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಸಿದ್ಧ. ಮಿಶ್ರ ನೆರೆಹೊರೆಗಳಲ್ಲಿ ಜನ ಬೇರೆಯವರನ್ನಷ್ಟೇ ಅಲ್ಲ, ತಮ್ಮವರನ್ನೂ ಕಡಿಮೆ ನಂಬುತ್ತಾರೆ, ಆಮೆಯಂತೆ ಚಿಪ್ಪಿನೊಳಗೆ ಸರಿಯುತ್ತಾರೆ ಎಂಬುದು ಅದರ ತೀರ್ಮಾನ. ಆದರೆ ಅದೇ ಪ್ರಬಂಧದಲ್ಲಿ ಯಾರೂ ಉಲ್ಲೇಖಿಸದ ಇನ್ನೊಂದು ಅಂಶವಿದೆ. ಅಂಥ ನೆರೆಹೊರೆಗಳಲ್ಲಿ ರಾಜಕೀಯದ ಆಸಕ್ತಿ, ತಿಳಿವಳಿಕೆ ಹೆಚ್ಚು. ಪ್ರತಿಭಟನೆಯ ಮೆರವಣಿಗೆಗೆ ಹೋಗುವವರೂ ಹೆಚ್ಚು. ಅಂದರೆ ಇವರು ಸುಮ್ಮನೆ ಕೂತ ಜನ ಅಲ್ಲ. ರಸ್ತೆಗೆ ಬರುತ್ತಾರೆ, ನಿಮ್ಮ ಸಭಾಂಗಣಕ್ಕೆ ಬರುವುದಿಲ್ಲ. ಕೊರತೆ ಆಸಕ್ತಿಯದ್ದೋ ಬಾಗಿಲಿನದ್ದೋ ಎಂಬುದನ್ನು ನೀವೇ ಯೋಚಿಸಿ. ಈ ವಿಷಯದ 87 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2020ರ ಪರಿಶೀಲನೆಯೂ ವೈವಿಧ್ಯದಿಂದ ನಂಬಿಕೆಗೆ ಪೆಟ್ಟು ಬೀಳುವುದು ಹೌದು, ಆದರೆ ಪೆಟ್ಟು ಸಣ್ಣದು ಎಂದಿದೆ. ಬ್ರಿಟನ್ನಿನ ನೆರೆಹೊರೆಗಳನ್ನು ಅಧ್ಯಯನ ಮಾಡಿದ ನಟಾಲಿಯಾ ಲೆಟ್ಕಿ 2008ರಲ್ಲಿ, ಒಡನಾಟವನ್ನು ಮುಖ್ಯವಾಗಿ ಕೆಡಿಸುವುದು ಬಡಾವಣೆಯ ಬಡತನ, ಬೇರೆ ಬೇರೆ ಜನಾಂಗದವರ ಬೆರಕೆ ಅಲ್ಲ ಎಂದು ಕಂಡುಕೊಂಡರು.

ಇನ್ನು ಸಮಿತಿಗಳ ಸಂಗತಿ. ರಾಜ್ಯಶಾಸ್ತ್ರಜ್ಞ ಆಶುತೋಷ್ ವಾರ್ಷ್ಣೆಯ ಅವರು ಭಾರತದ ಆರು ನಗರಗಳನ್ನು ಮೂರು ಜೋಡಿಯಾಗಿ ಹೋಲಿಸಿ ನೋಡಿದ್ದಾರೆ: ಕಲ್ಲಿಕೋಟೆ–ಅಲೀಗಢ, ಲಖನೌ–ಹೈದರಾಬಾದ್, ಸೂರತ್–ಅಹಮದಾಬಾದ್. ಹಿಂದೂ–ಮುಸ್ಲಿಂ ಜನಸಂಖ್ಯೆಯ ಪ್ರಮಾಣ ಜೋಡಿಯ ಎರಡೂ ಊರಲ್ಲಿ ಹತ್ತಿರಹತ್ತಿರ. ಆದರೂ ಒಂದರಲ್ಲಿ ಗಲಭೆ ಮರುಕಳಿಸುತ್ತದೆ, ಇನ್ನೊಂದರಲ್ಲಿ ಕಿಡಿ ಬಿದ್ದರೂ ಆರುತ್ತದೆ. ವ್ಯತ್ಯಾಸ ಇದ್ದದ್ದು ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ವೃತ್ತಿಪರರ ಸಂಘಗಳಲ್ಲಿ ಎರಡೂ ಕಡೆಯವರು ಒಟ್ಟಿಗಿದ್ದರೇ ಎಂಬುದರಲ್ಲಿ. ಲಖನೌದಲ್ಲಿ ಹಿಂದೂ ವರ್ತಕನೂ ಮುಸ್ಲಿಂ ಕಸೂತಿ ಕೆಲಸಗಾರನೂ ಒಬ್ಬರನ್ನೊಬ್ಬರು ಬಿಟ್ಟು ಬದುಕುವಂತಿರಲಿಲ್ಲ. ನಿಮ್ಮ ಗಮನಕ್ಕೆ ತರಬೇಕಾದ ಸಂಗತಿ ಅಲೀಗಢದ್ದು. ಅಲ್ಲಿಯೂ ಶಾಂತಿ ಸಮಿತಿಗಳಿದ್ದವು. ಆದರೆ ಅವು ಬಹುಮಟ್ಟಿಗೆ ಒಂದೇ ಧರ್ಮದವರ ಮೊಹಲ್ಲಾ ಸಮಿತಿಗಳು. ತಮ್ಮವರನ್ನು ಕಾಯಲು ರಾತ್ರಿ ಪಹರೆ ಮಾಡುವ ಇಂಥ ಸಮಿತಿಗಳು ಭಯವನ್ನು ಇಳಿಸುವ ಬದಲು ಏರಿಸುತ್ತವೆ. ಸಮಿತಿ ಎಂಬ ಹೆಸರಿದ್ದ ಮಾತ್ರಕ್ಕೆ ಆಗಲಿಲ್ಲ.

ಮಹಾರಾಷ್ಟ್ರದ ಭಿವಂಡಿಯ ಉದಾಹರಣೆ ಇದಕ್ಕೆ ತಿರುಗುಮುರುಗು. 1970ರಲ್ಲೂ 1984ರಲ್ಲೂ ಭೀಕರ ಗಲಭೆ ಕಂಡ ಊರು ಅದು. ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ 1980ರ ದಶಕದ ಕೊನೆಯಲ್ಲಿ ಅಲ್ಲಿ ಎರಡೂ ಸಮುದಾಯಗಳ ಸಾಮಾನ್ಯ ಜನರನ್ನು ಸೇರಿಸಿ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಜಗಳವಾದಾಗ ಮಾತ್ರವಲ್ಲ, ಏನೂ ಆಗದಿದ್ದಾಗಲೂ ಅವು ಸೇರುತ್ತಿದ್ದವು. 1992–93ರಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿಯುವಾಗ ಭಿವಂಡಿ ಶಾಂತವಾಗಿತ್ತು.

ಒಳನಂಟಿಗೆ ಅಧಿಕಾರ ಸಿಕ್ಕಿದರೆ ಏನಾಗುತ್ತದೆ ಎಂಬುದನ್ನು 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿ ತೋರಿಸಿತು. ರಾಜ್ಯಶಾಸ್ತ್ರಜ್ಞ ಡೇನಿಯಲ್ ಆಲ್ಡ್ರಿಚ್ ಅಧ್ಯಯನ ಮಾಡಿದಂತೆ, ಮೀನುಗಾರ ಹಳ್ಳಿಗಳ ಜಾತಿ ಪಂಚಾಯಿತಿಗಳು ಬಲವಾಗಿದ್ದ ಕಡೆ ಪರಿಹಾರ ಬೇಗ ಬಂತು. ನೆರವಿನ ಸಂಸ್ಥೆಗಳು ಫಲಾನುಭವಿಗಳ ಪಟ್ಟಿಯನ್ನು ಆ ಪಂಚಾಯಿತಿಗಳ ಕೈಯಿಂದಲೇ ಪಡೆದವು, ಕೆಲಸ ಸಲೀಸಾಯಿತು. ಆದರೆ ಪಂಚಾಯಿತಿಗೆ ಸೇರದ ದಲಿತರು, ಹೆಂಗಸರು, ಹೊರಗಿನಿಂದ ಬಂದವರು ಪಟ್ಟಿಯಿಂದಲೇ ಬಿಟ್ಟುಹೋದರು. ‘ಅವರ ಮುಖಂಡರನ್ನೇ ಕೇಳಿ ಮಾಡಿದ್ದೇವೆ’ ಎನ್ನುವ ನಿಮ್ಮ ಸಮಜಾಯಿಷಿಯೊಳಗೆ ಬಿಟ್ಟುಹೋದವರು ಎಷ್ಟು ಮಂದಿ ಎಂದು ಯಾವ ಕಡತವೂ ಲೆಕ್ಕ ಇಟ್ಟಿಲ್ಲ.

ಆದ್ದರಿಂದ ನಮ್ಮ ಕೋರಿಕೆಗಳು.

ಮೊದಲನೆಯದು ನೋಟಿಸು. ಕನಿಷ್ಠ ಹತ್ತು ದಿನ ಮುಂಚೆ, ಆ ಪ್ರದೇಶದಲ್ಲಿ ಮನೆಮಾತಾಗಿರುವ ಎಲ್ಲ ಭಾಷೆಗಳಲ್ಲೂ ಹೊರಡಲಿ. ಕಚೇರಿಯ ಸೂಚನಾ ಫಲಕದಲ್ಲಿ ಅಂಟಿಸಿದರೆ ಓದುವವರು ಕಚೇರಿಯವರೇ. ಬಸ್ ನಿಲ್ದಾಣ, ಶಾಲೆಯ ಗೇಟು, ಆಸ್ಪತ್ರೆಯ ಚೀಟಿ ಕೊಡುವ ಕಿಟಕಿ, ನೀರು ಹಿಡಿಯುವ ಜಾಗ, ಇಂಥ ಕಡೆ ಎಲ್ಲರೂ ನಿಲ್ಲುತ್ತಾರೆ. ‘ಅಭಿವೃದ್ಧಿ ಕುರಿತು ಚರ್ಚೆ’ ಎಂದು ಬರೆಯಬೇಡಿ, ಅದಕ್ಕಾಗಿ ಯಾರೂ ದಿನದ ಕೂಲಿ ಬಿಡುವುದಿಲ್ಲ. ‘ಮೂರನೇ ಅಡ್ಡರಸ್ತೆಯ ಚರಂಡಿ ಎತ್ತ ಹರಿಯಬೇಕು’ ಎಂದು ಬರೆದರೆ ಚರಂಡಿಯ ಎರಡೂ ಬದಿಯವರು ಬರುತ್ತಾರೆ. ಜಾಗ ಯಾರದ್ದೂ ಅಲ್ಲದ ಜಾಗವಾಗಿರಲಿ. ಪೂಜಾಸ್ಥಳ, ಪಕ್ಷದ ಕಚೇರಿ, ಮುಖಂಡರ ಮನೆಯ ಅಂಗಳ ಬೇಡ. ವೇಳೆಯನ್ನು ನಿಮ್ಮ ಕಚೇರಿಯ ಗಡಿಯಾರ ನೋಡಿ ಇಡಬೇಡಿ. ದುಡಿದು ಬಂದವರಿಗೆ ಸಂಜೆಯೇ ಸರಿ, ಆದರೆ ಹೆಂಗಸರು ಕತ್ತಲಾಗುವ ಮುಂಚೆ ಮನೆ ಸೇರಬೇಕೆನ್ನುವ ಕಡೆ ರಜೆಯ ದಿನದ ಮಧ್ಯಾಹ್ನ ಮೇಲು. ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಕೋಣೆಯಲ್ಲಿ ಒಬ್ಬರನ್ನು ಕೂರಿಸಿದರೆ ತಾಯಂದಿರು ಕೊನೆಯವರೆಗೂ ಕೂರುತ್ತಾರೆ.

ಕೂರಿಸುವ ಕ್ರಮ ಸಣ್ಣ ಸಂಗತಿ ಎನಿಸಬಹುದು, ಆದರೆ ಅರ್ಧ ಸಭೆ ಗೆಲ್ಲುವುದು, ಸೋಲುವುದು ಅಲ್ಲೇ. ಬಾಗಿಲಲ್ಲಿ 1ರಿಂದ 6ರವರೆಗೆ ಅಂಕಿ ಬರೆದ ಚೀಟಿಗಳನ್ನು ಕ್ರಮವಾಗಿ ಕೊಡುತ್ತ ಹೋಗಿ. ಒಟ್ಟಿಗೆ ಬಂದ ಗೆಳೆಯರಿಗೆ 1, 2, 3, 4 ಸಿಗುತ್ತದೆ, ತಂತಾನೇ ಬೇರೆ ಬೇರೆ ವೃತ್ತಕ್ಕೆ ಹೋಗುತ್ತಾರೆ. ಯಾರನ್ನೂ ‘ನೀನು ಅಲ್ಲಿ ಕೂರು’ ಎನ್ನಬೇಕಾಗಿಲ್ಲ. ಒಂದು ವೃತ್ತಕ್ಕೆ ಎಂಟು ಜನ ಸಾಕು. ಹನ್ನೆರಡಾದರೆ ಅದು ಒಡೆದು ಮತ್ತೆ ಎರಡು ಗುಂಪಾಗುತ್ತದೆ. ಎರಡು ವಿನಾಯಿತಿ ಇರಲಿ. ಭಾಷೆ ಬಾರದವರಿಗೆ ಜೊತೆಗಾರರೊಬ್ಬರು ಒಂದೇ ಚೀಟಿಯಲ್ಲಿ ಬರಲಿ. ಹಾಗೆಯೇ ಯಾವ ವೃತ್ತದಲ್ಲೂ ಹೆಂಗಸೊಬ್ಬಳೇ ಉಳಿಯದಂತೆ ನೋಡಿಕೊಳ್ಳಿ. ಏಳು ಗಂಡಸರ ನಡುವೆ ಒಬ್ಬಳಿದ್ದರೆ ಆಕೆ ಮಾತಾಡುವುದಿಲ್ಲ, ಮೂವರಿದ್ದರೆ ಮೂವರೂ ಮಾತಾಡುತ್ತಾರೆ. ಮೈಕು ಕೈಗೆ ಕೊಡುವ ಮೊದಲು ಈ ವೃತ್ತಗಳಲ್ಲಿ ಇಪ್ಪತ್ತು ನಿಮಿಷ ಮಾತು ನಡೆಯಲಿ. ಅಲ್ಲಿನ ಅಭಿಪ್ರಾಯವನ್ನು ಸಭೆಗೆ ಹೇಳುವವರನ್ನು ಚೀಟಿ ಎತ್ತಿ ಆರಿಸಿ. ‘ಯಾರು ಹೇಳ್ತೀರಿ?’ ಎಂದು ಕೇಳಿದರೆ ಎದ್ದು ನಿಲ್ಲುವವರು ಯಾರೆಂದು ನಿಮಗೂ ಗೊತ್ತು. ಮೈಕನ್ನು ಕೈಗೆ ಒಪ್ಪಿಸಿಬಿಡದೆ ನಿಮ್ಮ ಸಿಬ್ಬಂದಿಯೇ ಹಿಡಿದು ನಿಲ್ಲಲಿ. ಒಬ್ಬರಿಗೆ ಎರಡು ನಿಮಿಷ, ಎಲ್ಲರಿಗೂ ಒಂದು ಸುತ್ತು ಆಗುವವರೆಗೆ ಯಾರಿಗೂ ಎರಡನೇ ಸಲ ಬೇಡ.

ಭಾಷೆಯ ವಿಚಾರದಲ್ಲಿ ಆಗುವ ತಪ್ಪು ಲೆಕ್ಕದ್ದು. ಮಾತಾಡಿದ ಮೇಲೆ ಅನುವಾದ, ಅನುವಾದವಾದ ಮೇಲೆ ಮಾತು ಎಂದಾದರೆ ಎರಡು ಗಂಟೆಯ ಸಭೆಯಲ್ಲಿ ಒಂದೇ ಗಂಟೆಯ ವಿಷಯ ಹಿಡಿಸುತ್ತದೆ. ಕಾರ್ಯಸೂಚಿಯಲ್ಲಿ ಎಂಟು ವಿಷಯ ಹಾಗೇ ಇಟ್ಟುಕೊಂಡು ಅನುವಾದಕರನ್ನು ಕರೆದರೆ ಮೂರನೆಯದಕ್ಕೇ ಅಧ್ಯಕ್ಷರು ಬೇಸತ್ತು ‘ಮುಂದೆ ಹೋಗೋಣ’ ಎನ್ನುತ್ತಾರೆ, ಅನುವಾದ ಅಲ್ಲಿಗೆ ನಿಲ್ಲುತ್ತದೆ. ಮೂರು ವಿಷಯಕ್ಕಿಂತ ಹೆಚ್ಚು ಇಡಬೇಡಿ. ಅನುವಾದಕ ಆ ಸಮುದಾಯದ ಮುಖಂಡನಾಗಿರಬಾರದು, ಮನೆಯ ಮಗುವೂ ಆಗಿರಬಾರದು. ಮೊದಲನೆಯವನು ತನಗೆ ಬೇಕಾದ್ದನ್ನು ಸೇರಿಸುತ್ತಾನೆ. ಮಗುವಿನ ಬಾಯಲ್ಲಿ ಹಿರಿಯರು ತಮ್ಮ ಕಷ್ಟವನ್ನು ಹೇಳಿಸುವುದಿಲ್ಲ.

ನಡಾವಳಿಗೆ ಮೂರು ಕಾಲಂ ಸಾಕು: ಕೇಳಿದ್ದೇನು, ತೀರ್ಮಾನವೇನು, ಯಾರು ಯಾವ ದಿನಾಂಕದೊಳಗೆ ಮಾಡಬೇಕು. ಆಗದ ಕೆಲಸಕ್ಕೆ ‘ಪರಿಶೀಲಿಸಲಾಗುವುದು’ ಎಂದು ಬರೆಯುವ ಬದಲು ‘ಆಗುವುದಿಲ್ಲ, ಕಾರಣ ಇದು’ ಎಂದು ಬರೆಯಿರಿ. ಆಗುವುದಿಲ್ಲ ಎಂಬ ಉತ್ತರಕ್ಕೆ ಜನ ಸಭೆ ಬಿಡುವುದಿಲ್ಲ, ಉತ್ತರವೇ ಬರದಿದ್ದಾಗ ಬಿಡುತ್ತಾರೆ. ಹದಿನೈದು ದಿನದೊಳಗೆ ಈ ಹಾಳೆ ನೋಟಿಸು ಅಂಟಿಸಿದ ಜಾಗಗಳಲ್ಲೇ ಕಾಣಬೇಕು, ಅಷ್ಟೇ ಭಾಷೆಗಳಲ್ಲಿ. ಮುಂದಿನ ಸಭೆಯ ಮೊದಲ ವಿಷಯ ಇದೇ ಹಾಳೆಯಾಗಿರಲಿ. ಬ್ರೆಜಿಲ್ಲಿನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಬಜೆಟ್ಟನ್ನು ಜನರ ಮುಂದಿಟ್ಟು ತೀರ್ಮಾನಿಸುವ ಕ್ರಮ ಆರಂಭಿಸಿತು; ಅದು ನೆಲೆಗೊಂಡ ಮೇಲೆ ನಗರದ 16 ಪ್ರದೇಶಗಳಲ್ಲೂ ವರ್ಷದ ಮೊದಲ ಸುತ್ತಿನ ಸಭೆಗಳಲ್ಲಿ ಹಿಂದಿನ ವರ್ಷದ ಕಾಮಗಾರಿಗಳ ಲೆಕ್ಕ ಒಪ್ಪಿಸಲಾಗುತ್ತಿತ್ತು. ಹೊಸ ಬೇಡಿಕೆಗಳ ಆದ್ಯತೆ ನಿರ್ಧಾರವಾಗುತ್ತಿದ್ದುದು ಅದರ ನಂತರ. ಬಡವರು ಅಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಬಂದದ್ದಕ್ಕೆ ಇದೂ ಒಂದು ಕಾರಣ. ಮುಂದೆ ಆಡಳಿತದ ಬೆಂಬಲ ತಗ್ಗಿದಾಗ ಅದೇ ವ್ಯವಸ್ಥೆ ಸೊರಗಿತು ಎಂಬುದನ್ನೂ ಹೇಳಿಬಿಡುತ್ತೇವೆ.

ನಮ್ಮ ಮುಖ್ಯ ಕೋರಿಕೆ ಇನ್ನು ಮುಂದಿನದು. ‘ಸೌಹಾರ್ದ’ವೇ ವಿಷಯವಾಗಿರುವ ಸಮಿತಿಗಳನ್ನು ಬಿಟ್ಟು, ಕೈಯಲ್ಲಿ ಒಂದು ಕೆಲಸ ಇರುವ ಸಮಿತಿಗಳನ್ನು ಮಾಡಿ. ಸೌಹಾರ್ದ ಸಮಿತಿ ಸೇರುವುದು ಜಗಳವಾದ ಮೇಲೆ, ಮಾಡುವುದು ಹಸ್ತಲಾಘವ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲೇ ಹೇಳಿದಂತೆ, ಎರಡು ಗುಂಪಿನವರು ಬರಿದೆ ಎದುರುಬದುರಾದರೆ ಪೂರ್ವಗ್ರಹ ಕರಗುವುದಿಲ್ಲ. ಇಬ್ಬರಿಗೂ ಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ, ಮೇಲಿನವರ ಬೆಂಬಲ ಬೇಕು. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ 515 ಅಧ್ಯಯನಗಳನ್ನು ಜಾಲಾಡಿ, ಈ ನಾಲ್ಕೂ ಇಲ್ಲದಿದ್ದರೂ ಒಡನಾಟದಿಂದ ಸ್ವಲ್ಪ ಲಾಭ ಉಂಟು, ಇದ್ದರೆ ಲಾಭ ಹೆಚ್ಚು ಎಂದು ತೋರಿಸಿದರು.

ಹೀಗೆ ಮಾಡಬಹುದು. ಆಟದ ಮೈದಾನವೋ, ಚರಂಡಿಯೋ, ನೀರು ಬಿಡುವ ವೇಳೆಯೋ, ಬೀದಿ ದೀಪವೋ, ಒಂದಕ್ಕೆ ಒಂದು ಸಮಿತಿ, ಹನ್ನೊಂದು ಜನ. ಐವರನ್ನು ಸಭೆ ಆರಿಸಲಿ. ಆರು ಜನರನ್ನು ಒಪ್ಪಿಗೆ ಕೊಟ್ಟವರ ಪಟ್ಟಿಯಿಂದ ಚೀಟಿ ಎತ್ತಿ ತೆಗೆಯಿರಿ. ಚೀಟಿ ಎತ್ತುವುದು ಜಾತಿವಾರು ಬೇಡ, ಬೀದಿವಾರು ಇರಲಿ. ಜಾತಿಯ ಹೆಸರಲ್ಲಿ ಬಂದವನು ಜಾತಿಗೆ ಉತ್ತರ ಹೇಳುತ್ತಾನೆ, ಬೀದಿಯ ಹೆಸರಲ್ಲಿ ಬಂದವನು ಬೀದಿಗೆ. ಬೀದಿಯೇ ಒಂದು ಜಾತಿಯದ್ದಾಗಿರುವ ಕಡೆ ಈ ಉಪಾಯ ನಡೆಯದು. ಅಲ್ಲಿ ಒಂದೇ ಕೊಳವೆ ಅಥವಾ ಒಂದೇ ರಸ್ತೆಯನ್ನು ಹಂಚಿಕೊಂಡ ಎರಡು ಬೀದಿಗಳನ್ನು ಸೇರಿಸಿ ಒಂದು ಸಮಿತಿ ಮಾಡಬೇಕು. ಒಂದು ಮನೆಯಿಂದ ಒಬ್ಬರೇ. ಅವಧಿ ಎರಡು ವರ್ಷ, ವರ್ಷಕ್ಕೊಮ್ಮೆ ಅರ್ಧ ಜನ ಬದಲು; ಎಲ್ಲರೂ ಒಟ್ಟಿಗೆ ಬದಲಾದರೆ ಕೆಲಸ ಗೊತ್ತಿರುವವರು ಯಾರೂ ಉಳಿಯುವುದಿಲ್ಲ. ಖರ್ಚು ಮಾಡಲು ಒಂದು ಸಣ್ಣ ಮೊತ್ತ ಅವರ ತೀರ್ಮಾನಕ್ಕೇ ಬಿಟ್ಟಿರಲಿ. ಹಣವಿಲ್ಲದ ಸಮಿತಿ ಮನವಿ ಬರೆಯುವ ಸಮಿತಿಯಾಗುತ್ತದೆ.

ಇಲ್ಲಿ ಎಡವುವುದು ಎರಡು ಕಡೆ. ಮೊದಲ ಕೆಲಸವನ್ನು ದೊಡ್ಡದಾಗಿ ಹಿಡಿಯುವುದು ಒಂದು. ಮೂರು ತಿಂಗಳೊಳಗೆ ಮುಗಿಯುವ, ಮುಗಿದದ್ದು ಕಣ್ಣಿಗೆ ಕಾಣುವ ಕೆಲಸವನ್ನೇ ಆರಿಸಿ. ಇನ್ನೊಂದು ಹೆಚ್ಚು ಅಪಾಯದ್ದು: ಇದ್ದ ಹಣವನ್ನು ಗುಂಪುವಾರು ಪಾಲು ಮಾಡುವುದು. ನಿಮಗೊಂದು ಕಟ್ಟೆ, ನಮಗೊಂದು ಕಟ್ಟೆ. ಜಗಳ ಬರುವುದಿಲ್ಲ, ನಿಜ. ಆದರೆ ಮತ್ತೆ ಸೇರುವ ಕಾರಣವೂ ಉಳಿಯುವುದಿಲ್ಲ. ಪಾಲು ಮಾಡಲಾಗದ ಕೆಲಸವನ್ನೇ ಕೊಡಿ. ಮೇಲಿನ ಬೀದಿಯವರು ಚರಂಡಿಗೆ ಕಸ ಎಸೆದರೆ ಕೆಳಗಿನ ಬೀದಿಗೆ ನೀರು ನುಗ್ಗುತ್ತದೆ; ಇಬ್ಬರೂ ಕೂರಲೇಬೇಕು.

ಇಂಥ ಸಮಿತಿ ವರ್ಷ ನಡೆದರೆ ಅದರಿಂದ ಇನ್ನೊಂದು ಉಪಯೋಗವಿದೆ. ಗಾಳಿಸುದ್ದಿ ಎದ್ದ ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ. ಬೇರೆ ಬೇರೆ ಗುಂಪಿನ ಇಬ್ಬಿಬ್ಬರ ಜೋಡಿ ಮಾಡಿಡಿ. ಸುದ್ದಿ ಬಂದ ಕೂಡಲೇ ಇಬ್ಬರೂ ಜಾಗಕ್ಕೆ ಹೋಗಿ ನೋಡಿ, ಒಂದೇ ಮಾತನ್ನು ಎರಡೂ ಕಡೆ ತಿಳಿಸಲಿ. ಅದುವರೆಗೆ ಚರಂಡಿಯ ವಿಷಯಕ್ಕೂ ಮಾತಾಡಿರದ ಇಬ್ಬರು ಆ ರಾತ್ರಿ ಇದ್ದಕ್ಕಿದ್ದಂತೆ ಮಾತಾಡಲಾರರು.

ಒಳನಂಟನ್ನು ಕಿತ್ತುಹಾಕಿ ಎಂದು ನಾವು ಹೇಳುತ್ತಿಲ್ಲ. ಹೊಸದಾಗಿ ಬಂದವರಿಗೆ, ಬಾಯಿ ಕಟ್ಟಿದವರಿಗೆ ಮೊದಲು ತಮ್ಮವರ ನಡುವೆ ಮಾತು ಕೂಡಿಸಿಕೊಳ್ಳುವ ಜಾಗ ಬೇಕು. ಆದ್ದರಿಂದ ಸಾಮಾನ್ಯ ಸಭೆಗೆ ಒಂದು ವಾರ ಮುಂಚೆ ಹೆಂಗಸರ ಸಭೆಯನ್ನು ಪ್ರತ್ಯೇಕವಾಗಿ ಕರೆದು, ಅಲ್ಲಿನ ಬೇಡಿಕೆಗಳನ್ನು ಸಾಮಾನ್ಯ ಸಭೆಯ ಕಾರ್ಯಸೂಚಿಗೆ ನೇರವಾಗಿ ಸೇರಿಸಿ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ 265 ಪಂಚಾಯಿತಿಗಳ ಮಾಹಿತಿ ಆಧರಿಸಿ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ತೋರಿಸಿದಂತೆ, ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಕಡೆ ಹೆಂಗಸರು ಹೆಚ್ಚು ಕೇಳಿದ ಕಾಮಗಾರಿಗಳಿಗೆ, ಉದಾಹರಣೆಗೆ ಕುಡಿಯುವ ನೀರಿಗೆ, ಹೆಚ್ಚು ಹಣ ಹೋಯಿತು. ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದು ಅಲಂಕಾರದ ಪ್ರಶ್ನೆಯಲ್ಲ. ಮುಖಂಡರಿಗೂ ಸಭೆಗೆ ಬರುವ ಹಕ್ಕಿದೆ. ಬಾಗಿಲಲ್ಲಿ ಚೀಟಿ ತೆಗೆದುಕೊಂಡು, ಬಂದ ಅಂಕಿಯ ವೃತ್ತದಲ್ಲಿ ಕೂರಲಿ. ಮೊದಲ ಎರಡು ಸಭೆಗಳಲ್ಲಿ ಅವರಲ್ಲಿ ಕೆಲವರು ಎದ್ದು ಹೋಗುತ್ತಾರೆ, ನಿಮಗೆ ಮೇಲಿನಿಂದ ಫೋನೂ ಬರುತ್ತದೆ. ಅದಕ್ಕೆ ಸಿದ್ಧರಾಗಿಯೇ ಆರಂಭಿಸಿ.

ಈ ಪತ್ರಕ್ಕೆ ‘ಸ್ವೀಕರಿಸಲಾಗಿದೆ’ ಎಂಬ ಮೊಹರಿನ ಉತ್ತರ ಬೇಡ. ಕಳೆದ ಆರು ಸಭೆಗಳ ಹಾಜರಿ ಪುಸ್ತಕವನ್ನೂ ನಡಾವಳಿಯನ್ನೂ ಎದುರಿಗಿಟ್ಟುಕೊಂಡು ಎರಡು ಲೆಕ್ಕ ತೆಗೆಸಿ. ಆರರಲ್ಲೂ ಇರುವ ಹೆಸರುಗಳು ಎಷ್ಟು? ಸಹಿ ಹಾಕಿದವರಲ್ಲಿ ಬಾಯಿಬಿಟ್ಟು ಮಾತಾಡಿದ್ದು ದಾಖಲಾಗಿರುವುದು ಎಷ್ಟು ಮಂದಿಯದ್ದು? ಆ ಎರಡು ಸಂಖ್ಯೆಗಳನ್ನು ಮುಂದಿನ ಸಭೆಯ ನೋಟಿಸಿನ ತಳದಲ್ಲೇ ಅಚ್ಚು ಹಾಕಿಸಿ, ಬಸ್ ನಿಲ್ದಾಣದಲ್ಲಿ ಅಂಟಿಸಿ. ಓದಲು ನಾವು ಅಲ್ಲೇ ನಿಂತಿರುತ್ತೇವೆ.

ಇಂತಿ,
ನಿಮ್ಮ ಸಭೆಗಳ ಹಿಂದಿನ ಸಾಲಿನವರು